ಎರಡೇ ವರ್ಷಕ್ಕೆ ತುಕ್ಕು ಹಿಡಿದ ಮುರುಗಲು ಡ್ರೈಯರ್: ತಪ್ಪು ಸ್ಟೀಲಿನದ್ದೋ, ಉಪ್ಪಿನದ್ದೋ?

ಓದುಗರ ಪ್ರಶ್ನೆ

"ನಮ್ಮದು ಕುಮಟಾ ತಾಲ್ಲೂಕಿನ ಮಹಿಳೆಯರ ಸಂಘ. ಎರಡು ವರ್ಷದ ಹಿಂದೆ ಸಾಲ ಮಾಡಿ ಸೋಲಾರ್ ಡ್ರೈಯರ್ ಹಾಕಿಸಿದೆವು. ಏಪ್ರಿಲ್‌ನಿಂದ ಮಳೆ ಹಿಡಿಯುವ ತನಕ ಮುರುಗಲು (ಕೋಕಂ) ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸುತ್ತೇವೆ. ಉಳಿದಂತೆ ಸುಕೇಳಿ (ಒಣಗಿಸಿದ ಬಾಳೆಹಣ್ಣು), ಹಲಸಿನ ತೊಳೆ. ಪೆಟ್ಟಿಗೆ, ಟ್ರೇ ಎಲ್ಲ ಜಿಐ ತಗಡಿನವು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಟ್ರೇ ಮೇಲೆ ಬಿಳಿ ಪುಡಿ ಕಾಣಿಸಿತು, ಆಮೇಲೆ ಕೆಂಪು ತುಕ್ಕು. ಹೋದ ವರ್ಷ ಅರ್ಧ ಟ್ರೇಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿಸಿದೆವು. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರು. ಅಂಟಲಿಲ್ಲ, ಒರಿಜಿನಲ್ ಅಂದರು. ಈ ವರ್ಷ ಅದರ ಮೂಲೆಯಲ್ಲೂ ಕಂದು ಕಲೆ, ಸೂಜಿ ಚುಚ್ಚಿದಂಥ ತೂತು. ಇನ್ನೊಂದು ತೊಂದರೆ: ಮಾಲು ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಪ್ಯಾಕ್ ಮಾಡಿ ತಿಂಗಳಾಗುವಾಗ ಬೂಷ್ಟು ಬರುತ್ತದೆ. 70 ಡಿಗ್ರಿಗೆ ಏರಿಸಿ ಅಂತ ಒಬ್ಬರು, ಗಂಧಕದ ಹೊಗೆ ಕೊಡಿ ಅಂತ ಇನ್ನೊಬ್ಬರು, ಟ್ರೇಗೆ ಸಿಲ್ವರ್ ಪೇಂಟ್ ಹೊಡೆಯಿರಿ ಅಂತ ಮತ್ತೊಬ್ಬರು ಹೇಳುತ್ತಾರೆ. ಟ್ರೇಯಿಂದ ಬಸಿದ ರಸವನ್ನು ಕೆಳಗೆ ಜಿಐ ಬಾನಿಯಲ್ಲಿ ಹಿಡಿದು ಮಾರನೇ ದಿನ ಸಿಪ್ಪೆಯನ್ನು ಅದರಲ್ಲೇ ಅದ್ದುತ್ತೇವೆ. ಈ ಬಿಳಿ ಪುಡಿ ವಿಷವೇ? ನಮಗೆ ಕೊಟ್ಟ ಸ್ಟೀಲು ಮೋಸದ್ದೇ? ಎಲ್ಲ ಟ್ರೇ ಬದಲಿಸುವಷ್ಟು ದುಡ್ಡಿಲ್ಲ. ಏನು ಮಾಡೋಣ?"

ಉತ್ತರ

ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಮಾತಿನಿಂದಲೇ ಶುರುಮಾಡುತ್ತೇನೆ. ಆ ಜಿಐ ಬಾನಿಯನ್ನು ಇವತ್ತೇ ಬದಿಗಿಡಿ. ಅದರಲ್ಲಿ ಈಗ ರಸ ಇದ್ದರೆ ಚೆಲ್ಲಿಬಿಡಿ, ಸಿಪ್ಪೆ ಅದ್ದಬೇಡಿ. ತುಕ್ಕು, ಬೂಷ್ಟು ಎರಡನ್ನೂ ನಿಧಾನವಾಗಿ ಸರಿಪಡಿಸಬಹುದು, ಇದಕ್ಕೆ ಮಾತ್ರ ಕಾಯುವ ಹಾಗಿಲ್ಲ.

ಯಾಕೆ ಅಂದರೆ, ಜಿಐ ತಗಡು ಅಂದರೆ ಕಬ್ಬಿಣದ ಮೇಲೆ ಸತುವಿನ ತೆಳು ಪದರ. ಗಾಳಿ, ಮಳೆನೀರು ತಾಗುವಲ್ಲಿ ಸತು ಚೆನ್ನಾಗಿ ಬಾಳುತ್ತದೆ. ಹುಳಿಯ ಎದುರು ಅದು ನಿಲ್ಲುವುದಿಲ್ಲ. ಆಮ್ಲದ ಅಳತೆ ಪಿಎಚ್ (ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕೆಳಗಿಳಿದರೆ ಸತು ಕರಗಲು ಶುರು. ನೀವು ಕಂಡ ಬಿಳಿ ಪುಡಿ ಹೀಗೆ ಕೆಟ್ಟ ಸತುವಿನದ್ದೇ. ಮುರುಗಲು ರಸದ ಪಿಎಚ್ 2ರ ಆಸುಪಾಸು. ಹಳ್ಳಿಗಳಲ್ಲಿ ಹುಳಿ ಮಜ್ಜಿಗೆಯನ್ನು ತಾಮ್ರದ ಪಾತ್ರೆಯಲ್ಲಿಡಬಾರದು ಅಂತ ಎಲ್ಲರಿಗೂ ಗೊತ್ತು. ಸತುವಿನ ವಿಷಯದಲ್ಲಿ ಆ ಎಚ್ಚರ ಬಂದಿಲ್ಲ, ಯಾಕೆಂದರೆ ಸತುವಿನ ಲೇಪದ ಬಕೆಟ್ಟು ನಮ್ಮ ಅಡುಗೆಮನೆಗೆ ಬಂದದ್ದೇ ಇತ್ತೀಚೆಗೆ. ಹುಳಿ ಪಾನೀಯವನ್ನು ಜಿಐ ಪಾತ್ರೆಯಲ್ಲಿಟ್ಟು ಕುಡಿದವರಿಗೆ ವಾಂತಿ, ಹೊಟ್ಟೆನೋವು ಬಂದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಲೆಕ್ಕ ಹಾಕಿ ನೋಡೋಣ. ಮಾರುಕಟ್ಟೆಯ ಹಗುರ ದರ್ಜೆಯ ಜಿಐ ತಗಡಿನಲ್ಲಿ ಒಂದು ಚದರ ಮೀಟರ್‌ಗೆ, ಎರಡೂ ಬದಿ ಸೇರಿ, 120 ಗ್ರಾಂ ಸತು ಇರುತ್ತದೆ. ಅಂದರೆ ಒಂದು ಬದಿಗೆ 60 ಗ್ರಾಂ. ನಿಮ್ಮ ಟ್ರೇಯಲ್ಲಿ ಕೆಂಪು ತುಕ್ಕು ಕಂಡಿದೆ ಅಂದರೆ ಆ ಜಾಗದ ಸತು ಪೂರ್ತಿ ಹೋಗಿ ಕಬ್ಬಿಣ ಬಯಲಾಗಿದೆ ಅಂತ ಅರ್ಥ. ಹೋದ ಸತುವಿನಲ್ಲಿ ಹತ್ತನೇ ಒಂದು ಪಾಲು, 6 ಗ್ರಾಂ, 60 ಕೆಜಿ ಮಾಲಿಗೆ ಸೇರಿತು ಅಂದುಕೊಳ್ಳಿ. ಕೆಜಿಗೆ 100 ಮಿಲಿಗ್ರಾಂ ಆಯಿತು. ಸತು ನಮ್ಮ ದೇಹಕ್ಕೂ ಬೇಕಾದ ಲೋಹವೇ. ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಅನ್ನುತ್ತಾರೆ. ಸಾರಿಗೆ ನಾಲ್ಕು ಎಸಳು ಮುರುಗಲು ಹಾಕುವವರಿಗೆ ಇದರಿಂದ ಏನೂ ಆಗುವುದಿಲ್ಲ. ಹಾಗಾಗಿ ಟ್ರೇಯಿಂದ ಮಾಲಿಗೆ ಸೇರಿದ ಸತುವಿನ ಬಗ್ಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಬಾನಿಯ ಕತೆಯೇ ಬೇರೆ. ಅಲ್ಲಿ ಹುಳಿ ರಸ ಇಡೀ ರಾತ್ರಿ ಸತುವಿನ ಮೇಲೆ ನಿಂತಿರುತ್ತದೆ. ಮಾರನೇ ದಿನ ಅದೇ ರಸ ಮತ್ತೆ ಸಿಪ್ಪೆಗೆ. ದಿನದಿಂದ ದಿನಕ್ಕೆ ಸತು ಸೇರುತ್ತಲೇ ಹೋಗುತ್ತದೆ. ಜೊತೆಗೆ ಲೇಪಕ್ಕೆ ಬಳಸುವ ಸತು ಅಪ್ಪಟವಲ್ಲದಿದ್ದರೆ ಅದರಲ್ಲಿ ಸ್ವಲ್ಪ ಸೀಸವೂ ಇರುತ್ತದೆ, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಕಳೆದ ಸೀಸನ್ನಿನ ಮಾಲು ಉಳಿದಿದ್ದರೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಸ್ಯಾಂಪಲ್ ಕಳಿಸಿ, ಸತು ಮತ್ತು ಸೀಸ ಎರಡನ್ನೂ ನೋಡಿಸಿ. ಆಮೇಲೆ ಮಾರಿ.

ಬಾನಿಯ ಬದಲು ಏನು? ಭರಣಿ, ಆಹಾರ ದರ್ಜೆಯ ಪ್ಲಾಸ್ಟಿಕ್ ಟಬ್ಬು, ಹಳೇ ಮರದ ಮರಿಗೆ ಸಿಕ್ಕರೆ ಅದೂ ಸರಿ. ನಿಮ್ಮ ಅಜ್ಜಿಯಂದಿರು ಉಪ್ಪು, ಹುಳಿ ಎರಡನ್ನೂ ಲೋಹಕ್ಕೆ ತಾಗಿಸುತ್ತಿರಲಿಲ್ಲ. ರಸಾಯನಶಾಸ್ತ್ರ ಓದದೆಯೂ ಸರಿಯಾಗಿಯೇ ಮಾಡುತ್ತಿದ್ದರು.

ಈಗ ಸ್ಟೀಲಿನ ವಿಷಯ

ಅಯಸ್ಕಾಂತದ ಪರೀಕ್ಷೆ ನಮ್ಮ ಪಾತ್ರೆ ಅಂಗಡಿಗಳ ಬಹಳ ಹಳೆಯ ಆಟ. ಅದು ಅರ್ಧ ಸತ್ಯ ಕೂಡ ಅಲ್ಲ. ಒಳ್ಳೇ ಸ್ಟೀಲ್ ಅಂತ ಎಲ್ಲರೂ ಕೇಳುವ 304 ಗ್ರೇಡಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 200 ಸರಣಿಯ ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ. ಪೇಟೆಯಲ್ಲಿ ಇದನ್ನು ಜೆ4 ಅಂತಲೂ ಕರೆಯುತ್ತಾರೆ. ಇನ್ನೊಂದು ಕಡೆ, ಅಸಲಿ 304 ತಂತಿಯನ್ನು ಎಳೆದು, ಬಗ್ಗಿಸಿ ಜಾಲರಿ ನೇಯ್ದರೆ ಅದು ಸ್ವಲ್ಪ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ! ಒಳ್ಳೇ ಮಾಲನ್ನೇ ನಕಲಿ ಅಂತ ವಾಪಸ್ ಕಳಿಸಿದವರೂ ಇದ್ದಾರೆ. ಗ್ರೇಡು ಗೊತ್ತಾಗಬೇಕಾದರೆ ಎರಡು ದಾರಿ. ಒಂದು, ಸ್ಟೀಲ್ ವ್ಯಾಪಾರಿಗಳ ಹತ್ತಿರ ಇರುವ ಹನಿ ಪರೀಕ್ಷೆಯ ಬಾಟಲಿ: ಒಂದು ಹನಿ ಬಿಟ್ಟು ಸಣ್ಣ ಬ್ಯಾಟರಿ ತಾಗಿಸಿದರೆ ಬಣ್ಣ ನೋಡಿ ಮ್ಯಾಂಗನೀಸ್ ಜಾಸ್ತಿ ಇದೆಯೋ ಇಲ್ಲವೋ ಹೇಳಬಹುದು. ಇನ್ನೊಂದು, ಎಕ್ಸ್‌ರೇ ಗನ್ನು, ಹಿಡಿದ ಕೂಡಲೇ ಯಾವ ಲೋಹ ಎಷ್ಟು ಅಂತ ಪಟ್ಟಿ ಕೊಡುತ್ತದೆ. ದೊಡ್ಡ ಗುಜರಿ ವ್ಯಾಪಾರಿಗಳ ಹತ್ತಿರವೂ ಈಗ ಇದು ಇರುತ್ತದೆ.

ನಿಮಗೆ ಕೊಟ್ಟದ್ದು 200 ಸರಣಿ ಇರಬಹುದು. ಆದರೆ ಅಸಲಿ 304 ಕೊಟ್ಟಿದ್ದರೂ ಕಲೆ ಬರುತ್ತಿತ್ತು, ಸ್ವಲ್ಪ ತಡವಾಗಿ. ಇದನ್ನು ಹೇಳದಿದ್ದರೆ ನೀವು ಮತ್ತೆ ದುಡ್ಡು ಸುರಿದು 304 ಹಾಕಿಸುತ್ತೀರಿ, ಇನ್ನೆರಡು ಮಳೆಗಾಲ ಕಳೆದ ಮೇಲೆ ಇದೇ ಪ್ರಶ್ನೆ ಬರೆಯುತ್ತೀರಿ.

ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯದ್ದು ಅಂತಲ್ಲ. ಅದರೊಳಗಿನ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀರು ಬಿದ್ದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಇಂಥ ಸ್ಟೀಲ್ ಎರಕ ಹೊಯ್ಸಿದಾಗ ಅದನ್ನು ವಿನೆಗರಿಗೆ, ನಿಂಬೆರಸಕ್ಕೆ ಒಡ್ಡಿ ನೋಡಿದ, ಅದು ಜಗ್ಗಲಿಲ್ಲ. ಚಾಕು, ಚಮಚಕ್ಕೆ ಸ್ಟೇನ್‌ಲೆಸ್ ಬಂದದ್ದು ಹಾಗೆ. ಹುಳಿ ಒಂದೇ ಆದರೆ ಪೊರೆ ತಡೆದುಕೊಳ್ಳುತ್ತದೆ. ಹುಳಿಯ ಜೊತೆ ಉಪ್ಪು ಸೇರಿದರೆ ಕೆಟ್ಟಿತು. ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯನ್ನು ಎಲ್ಲ ಕಡೆ ಒಂದೇ ಸಮ ಕರಗಿಸುವುದಿಲ್ಲ. ಎಲ್ಲೋ ಒಂದು ಚುಕ್ಕೆಯಷ್ಟು ಜಾಗದಲ್ಲಿ ಒಡೆಯುತ್ತದೆ, ಅಲ್ಲಿಂದ ಒಳಕ್ಕೆ ಕೊರೆಯುತ್ತದೆ. ಕೊರೆದ ಗುಳಿಯೊಳಗೆ ಹುಳಿ ಇನ್ನೂ ಜಾಸ್ತಿಯಾಗುತ್ತದೆ, ಪೊರೆ ಮತ್ತೆ ಕಟ್ಟಲು ಆಗುವುದಿಲ್ಲ. ನೀವು ಬರೆದ 'ಸೂಜಿ ಚುಚ್ಚಿದಂಥ ತೂತು' ಇದೇ. ಮೇಲಿನಿಂದ ಕಾಣುವುದು ಸಣ್ಣ ಚುಕ್ಕೆ, ಒಳಗೆ ಗುಹೆ.

ಮೂಲೆಯಿಂದಲೇ ಯಾಕೆ ಶುರುವಾಯಿತು? ಒಂದು ಟ್ರೇ ತೆಗೆದು ತಲೆಕೆಳಗು ಮಾಡಿ, ಬಿಸಿಲಿಗೆ ಹಿಡಿದು ನೋಡಿ. ನಾನು ಯಾವ ಡ್ರೈಯರ್ ನೋಡಲು ಹೋದರೂ ಮೊದಲು ಮಾಡುವ ಕೆಲಸ ಇದು, ಯಾಕೆಂದರೆ ಕೆಳಬದಿಯೇ ಯಾವತ್ತೂ ಹೆಚ್ಚು ಹಾಳಾಗಿರುತ್ತದೆ. ವೆಲ್ಡ್ ಹಾಕಿದ ಚುಕ್ಕೆಯ ಸುತ್ತ ನೀಲಿ, ಕಂದು ಬಳೆಗಳು ಕಾಣುತ್ತವೆ. ಬಿಸಿಗೆ ಅಲ್ಲಿನ ಪೊರೆ ಕೆಟ್ಟಿದೆ, ಕ್ರೋಮಿಯಂ ಕಮ್ಮಿಯಾಗಿದೆ. ಅದನ್ನು ತೆಗೆಯದೆ ಬಿಟ್ಟಿದ್ದಾರೆ. ಇನ್ನೂ ಹತ್ತಿರದಿಂದ ನೋಡಿದರೆ ಒಂದು ತಂತಿಯ ಮೇಲೆ ಇನ್ನೊಂದು ಹಾದುಹೋಗುವಲ್ಲಿ, ಆ ಕೂದಲೆಳೆಯಷ್ಟು ಸಂದಿಯಲ್ಲಿ, ಗುಲಾಬಿ ಬಣ್ಣದ ರಸ ಒಣಗಿ ಕೂತಿರುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಗಾಳಿ ಆಡದ, ಉಪ್ಪು ನಿಂತ ಸಂದಿ ಸ್ಟೇನ್‌ಲೆಸ್ಸಿನ ದೊಡ್ಡ ಶತ್ರು. ಹಾಗಾಗಿ ನೇಯ್ದ ಜಾಲರಿಗಿಂತ ತೂತು ಹೊಡೆದ ಹಾಳೆ ಒಳ್ಳೆಯದು. ಇನ್ನು ಕಬ್ಬಿಣದ ಗೇಟು ಉಜ್ಜಿದ ಗ್ರೈಂಡಿಂಗ್ ವೀಲಿನಲ್ಲೇ ನಿಮ್ಮ ಟ್ರೇ ಉಜ್ಜಿದ್ದರೆ, ಆ ಕಬ್ಬಿಣದ ಕಣಗಳು ಸ್ಟೀಲಿಗೆ ಅಂಟಿ ತಾವೇ ತುಕ್ಕು ಹಿಡಿಯುತ್ತವೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಮಾಡುವುದೂ ಇದನ್ನೇ.

75 ಅನ್ನುವ ಸಂಖ್ಯೆ

ತುಕ್ಕು, ಬೂಷ್ಟು ಎರಡನ್ನೂ ನೀವು ಬೇರೆ ಬೇರೆ ತೊಂದರೆಯಾಗಿ ಬರೆದಿದ್ದೀರಿ. ನನ್ನ ಮಟ್ಟಿಗೆ ಅವೆರಡೂ ಒಂದೇ. ಲೋಹದ ತುಕ್ಕು ಅಧ್ಯಯನ ಮಾಡುವವರು, ಆಹಾರ ಕೆಡುವುದನ್ನು ಅಧ್ಯಯನ ಮಾಡುವವರು ಬೇರೆ ಬೇರೆ ಕಟ್ಟಡಗಳಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ತೇವ ಇದ್ದರೆ ಶುರುವಾಗುತ್ತದೆ? ಇಂಗ್ಲೆಂಡಿನಲ್ಲಿ ವರ್ನನ್ ಎಂಬವರು 1920-30ರ ದಶಕಗಳಲ್ಲಿ ಕಬ್ಬಿಣವನ್ನು ಬೇರೆ ಬೇರೆ ತೇವಾಂಶದ ಗಾಳಿಯಲ್ಲಿಟ್ಟು ನೋಡಿದರು. ಗಾಳಿಯ ತೇವಾಂಶ ಶೇ 60ರ ಆಸುಪಾಸು ದಾಟಿದ ಮೇಲೆಯೇ ತುಕ್ಕು ಜೋರಾಗುವುದು ಅಂತ ಕಂಡುಕೊಂಡರು. ಆಸ್ಟ್ರೇಲಿಯಾದ ಸ್ಕಾಟ್ 1950ರ ದಶಕದಲ್ಲಿ ಆಹಾರದ ಬಗ್ಗೆ ತೋರಿಸಿದ್ದೂ ಇಂಥದ್ದೇ. ತಿನಿಸಿನಲ್ಲಿ ಒಟ್ಟು ಎಷ್ಟು ನೀರಿದೆ ಅನ್ನುವುದು ಮುಖ್ಯವಲ್ಲ, ಅದರಲ್ಲಿ ಸೂಕ್ಷ್ಮಜೀವಿಯ ಬಳಕೆಗೆ ಸಿಗುವ ನೀರೆಷ್ಟು ಅನ್ನುವುದು ಮುಖ್ಯ. ಅದನ್ನು ಅಳೆಯುವುದೂ ತೇವಾಂಶದ ಲೆಕ್ಕದಲ್ಲೇ. ಮುಚ್ಚಿದ ಡಬ್ಬಿಯಲ್ಲಿ ಆ ತಿನಿಸಿನ ಸುತ್ತ ಗಾಳಿ ಎಷ್ಟು ತೇವವಾಗುತ್ತದೆ ಅಂತ ನೋಡುವುದು. ಶೇ 80ಕ್ಕಿಂತ ಕೆಳಗೆ ಹೆಚ್ಚಿನ ಬೂಷ್ಟುಗಳು ನಿಲ್ಲುತ್ತವೆ, 65ಕ್ಕಿಂತ ಕೆಳಗಿಳಿದರೆ ಬಹುತೇಕ ಎಲ್ಲವೂ.

ಇವೆರಡರ ನಡುವೆ ಕೂತಿದೆ ಉಪ್ಪು. ಅಡುಗೆ ಉಪ್ಪು ಶೇ 75ರ ತೇವಾಂಶದ ಆಚೆ ಗಾಳಿಯಿಂದ ನೀರೆಳೆದುಕೊಂಡು ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಡುವುದನ್ನು ನೀವು ನೋಡಿಯೇ ಇದ್ದೀರಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ 75ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಬೇಸಿಗೆಯಲ್ಲೂ ರಾತ್ರಿ ಅದನ್ನು ದಾಟುತ್ತದೆ. ನೀವು ಬಳಸುವುದು ನಿಮ್ಮದೇ ತಾಲ್ಲೂಕಿನ ಸಾಣಿಕಟ್ಟೆಯ ಗದ್ದೆಯ ಉಪ್ಪಾಗಿದ್ದರೆ (ಕುಮಟಾದವರು ಬೇರೆ ಉಪ್ಪು ತರುತ್ತೀರಿ ಅಂತ ನನಗನ್ನಿಸುವುದಿಲ್ಲ) ಇನ್ನೂ ಒಂದು ಮಾತಿದೆ. ಗದ್ದೆಯಿಂದ ನೇರ ಬಂದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಶೇ 33ರ ತೇವಾಂಶದಲ್ಲೇ ನೀರೆಳೆಯುತ್ತದೆ. ರುಚಿಗೆ ಆ ಉಪ್ಪೇ ಸರಿ, ಬದಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಅದು ಮೆತ್ತಿದ ಟ್ರೇ ಒಣಗಿದ ಹಾಗೆ ಕಂಡರೂ ಪೂರ್ತಿ ಒಣಗಿರುವುದಿಲ್ಲ.

ಅಂದರೆ ನಿಮ್ಮ ಡ್ರೈಯರ್ ಕೆಲಸ ಮಾಡುವಾಗಕ್ಕಿಂತ ಸುಮ್ಮನೆ ನಿಂತಾಗ ಜಾಸ್ತಿ ಕೆಡುತ್ತಿದೆ. ಹಗಲು 50 ಡಿಗ್ರಿಯಲ್ಲಿ ಒಳಗಿನ ಗಾಳಿ ಒಣ ಇರುತ್ತದೆ. ಸಂಜೆ ಬಾಗಿಲು ಹಾಕಿದ ಮೇಲೆ, ಜೂನ್‌ನಲ್ಲಿ ಟಾರ್ಪಾಲು ಹೊದಿಸಿ ಬಿಟ್ಟ ಮೇಲೆ, ನಾಲ್ಕು ತಿಂಗಳು ಪೂರ್ತಿ ಹುಳಿ ಉಪ್ಪಿನ ನೀರು ಆ ಲೋಹದ ಮೇಲೆ ಕೂತಿರುತ್ತದೆ.

ಹೊರಗೆ ಒಣ, ಒಳಗೆ ಹಸಿ

ಈಗ ಬೂಷ್ಟಿಗೆ ಬರೋಣ. 70 ಡಿಗ್ರಿಗೆ ಏರಿಸಿ ಅಂದವರು ಸದುದ್ದೇಶದಿಂದಲೇ ಹೇಳಿರಬಹುದು. ಆದರೆ ನಿಮ್ಮ ತೊಂದರೆ ಬಿಸಿ ಕಡಿಮೆಯಾದದ್ದರಿಂದ ಬಂದದ್ದಲ್ಲ, ಹೆಚ್ಚಿನಂಶ ಗಾಳಿ ಕಡಿಮೆಯಾಗಿ, ಮಾಲು ಜಾಸ್ತಿಯಾಗಿ ಬಂದದ್ದು.

ಒಣಗುವುದು ಎರಡು ಹಂತದಲ್ಲಿ. ಮೊದಲು ಮೇಲ್ಮೈಯ ನೀರು ಹಾರುತ್ತದೆ, ಇದು ಬೇಗ. ಆಮೇಲೆ ಒಳಗಿನ ನೀರು ಹೊರಗೆ ಬರಬೇಕು, ಇದು ನಿಧಾನ. ಮೊದಲೇ ಬಿಸಿ ವಿಪರೀತ ಏರಿಸಿದರೆ ಹೊರಪದರ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಕೈಗೆ ಗರಿಗರಿ, ಒಳಗೆ ಪಸೆ. ಪ್ಯಾಕೆಟ್ಟಿನೊಳಗೆ ಎರಡು ವಾರದಲ್ಲಿ ಆ ಪಸೆ ನಿಧಾನವಾಗಿ ಹೊರಗೆ ಬಂದು ಸಮ ಆಗುತ್ತದೆ, ಬೂಷ್ಟು ಏಳುತ್ತದೆ. ಸುಕೇಳಿಯಲ್ಲಿ ಇದು ಬಹಳ. ಒಳಗಿಂದ ನೀರು ಬರುವ ಹಂತದಲ್ಲಿ ದಪ್ಪ ಅರ್ಧವಾದರೆ ಸಮಯ ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಇಡೀ ಹಣ್ಣು ಇಡುವ ಬದಲು ಉದ್ದಕ್ಕೆ ಸೀಳಿದರೆ ದೊಡ್ಡ ಉಪಕಾರ. ಮುರುಗಲಿನ ಮಟ್ಟಿಗೆ 70 ಡಿಗ್ರಿ ಇನ್ನೊಂದು ಕಾರಣಕ್ಕೂ ಬೇಡ. ಅದರ ಕೆಂಪು ಬಣ್ಣ ಬಿಸಿಗೆ ಕೆಡುತ್ತದೆ, ಮಾಲು ಕಂದಾಗುತ್ತದೆ, ದರ ಬೀಳುತ್ತದೆ. ಬಿಸಿ ಹೆಚ್ಚಿದಷ್ಟೂ ಸ್ಟೀಲಿನಲ್ಲಿ ಗುಳಿ ಕೊರೆಯುವುದೂ ಹೆಚ್ಚು. 50ರಿಂದ 55 ಡಿಗ್ರಿ ಸಾಕು.

ಸಾಕು ಅಂತ ಹೇಗೆ ಹೇಳುತ್ತೇನೆ? ಮೇ ತಿಂಗಳ ಕುಮಟಾದ ಗಾಳಿ, 30 ಡಿಗ್ರಿ, ಶೇ 85 ತೇವ ಅಂದುಕೊಳ್ಳಿ. ಆ ಗಾಳಿಯಲ್ಲಿ ಬಟ್ಟೆಯೂ ಒಣಗುವುದಿಲ್ಲ. ಅದೇ ಗಾಳಿಯನ್ನು 45 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ 38ಕ್ಕೆ ಇಳಿಯುತ್ತದೆ, 55ಕ್ಕೆ ಏರಿಸಿದರೆ ಶೇ 23ಕ್ಕೆ. ನೀರು ಹೀರಲು ಇಷ್ಟು ಒಣ ಗಾಳಿ ಧಾರಾಳ. ಆದರೆ ಹೀರಿದ ಗಾಳಿ ಹೊರಗೆ ಹೋಗಬೇಕು, ಹೊಸದು ಬರಬೇಕು. ಬಿಸಿ ಹೋಗಿಬಿಡುತ್ತದೆ ಅಂತ ಮೇಲಿನ ಕಿಂಡಿ ಮುಚ್ಚಿ ಇಡುವವರನ್ನು ನಾನು ಎಲ್ಲ ಕಡೆ ನೋಡುತ್ತೇನೆ. ಥರ್ಮಾಮೀಟರ್ ಚೆನ್ನಾಗಿ ಏರುತ್ತದೆ, ಒಳಗೆ ಹಬೆ ಮನೆ. ಸಂಜೆ ಬಿಸಿಲು ಇಳಿದ ಕೂಡಲೇ ಆ ಹಬೆಯೆಲ್ಲ ತಣ್ಣಗಾದ ತಗಡಿನ ಮೇಲೆ ಹನಿಯಾಗಿ ಮಾಲಿನ ಮೇಲೆಯೇ ತೊಟ್ಟಿಕ್ಕುತ್ತದೆ. ಬೂಷ್ಟು, ತುಕ್ಕು ಎರಡಕ್ಕೂ ಒಂದೇ ಸಲ ನೀರುಣಿಸಿದ ಹಾಗಾಯಿತು, ಅಲ್ವಾ?

ಇನ್ನು ಎಷ್ಟು ಮಾಲು ತುಂಬಬೇಕು ಅನ್ನುವುದು. ಹಸಿ ಸಿಪ್ಪೆಯಲ್ಲಿ ನೂರಕ್ಕೆ 80 ಪಾಲು ನೀರು ಅಂತ ಹಿಡಿಯಿರಿ. 10 ಕೆಜಿ ಸಿಪ್ಪೆ ಸರಿಯಾಗಿ ಒಣಗಬೇಕಾದರೆ ಸುಮಾರು 7.7 ಕೆಜಿ ನೀರು ಹೋಗಬೇಕು. ಒಳ್ಳೇ ಬಿಸಿಲಿನ ದಿನ ಒಂದು ಚದರ ಮೀಟರ್ ಗಾಜಿನ ಮೇಲೆ ಬೀಳುವ ಬಿಸಿಲು ಸುಮಾರು 5.5 ಯೂನಿಟ್. ಡ್ರೈಯರ್ ಅದರಲ್ಲಿ ಕಾಲುಭಾಗವನ್ನು ನೀರು ಹಾರಿಸಲು ಬಳಸಿದರೆ ಅದೇ ದೊಡ್ಡದು. ಅಷ್ಟರಲ್ಲಿ ಹಾರುವುದು 2 ಲೀಟರ್. ಅಂದರೆ 10 ಕೆಜಿ ಸಿಪ್ಪೆಗೆ 2 ಚದರ ಮೀಟರ್ ಗಾಜು, ಎರಡು ದಿನದ ಒಳ್ಳೇ ಬಿಸಿಲು. ರಸದಲ್ಲಿ ಮತ್ತೆ ಮತ್ತೆ ಅದ್ದುವುದರಿಂದ ಇನ್ನೂ ಒಂದೆರಡು ದಿನ ಸೇರಿಸಿ. ಮಾರುವವರು ಹೇಳುವ 'ಒಂದೇ ದಿನಕ್ಕೆ 50 ಕೆಜಿ' ಅನ್ನುವ ಮಾತಿಗೆ ನಿಮ್ಮ ಗಾಜಿನ ಅಳತೆ ಹಿಡಿದು ಈ ಲೆಕ್ಕ ಹಾಕಿ.

ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿ ತೀರ್ಮಾನಿಸುವುದನ್ನು ಬಿಡಿ. ಕೆಲವು ನೂರು ರೂಪಾಯಿಗೆ ಸಣ್ಣ ಡಿಜಿಟಲ್ ತೇವಾಂಶ ಮೀಟರ್ ಸಿಗುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮುಕ್ಕಾಲು ಮಾಲು ತುಂಬಿ, ಮೀಟರನ್ನು ಮೇಲಿಟ್ಟು ಮುಚ್ಚಳ ಬಿಗಿ ಮಾಡಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಓದಿ. 65ಕ್ಕಿಂತ ಕೆಳಗಿದ್ದರೆ ಪ್ಯಾಕ್ ಮಾಡಬಹುದು, ಮೇಲಿದ್ದರೆ ಇನ್ನೂ ಒಣಗಲಿ. ಅಗ್ಗದ ಮೀಟರ್ ಸುಳ್ಳು ಹೇಳುವುದುಂಟು. ಅದನ್ನು ಪರೀಕ್ಷಿಸಲೂ ಉಪ್ಪೇ ಸಾಕು. ಈ ಒಂದು ಕೆಲಸಕ್ಕೆ ಮಾತ್ರ ಪ್ಯಾಕೆಟ್ಟಿನ ಪುಡಿ ಉಪ್ಪು ಬೇಕು. ಬಾಟಲಿ ಮುಚ್ಚಳದಲ್ಲಿ ಅದನ್ನು ಹಾಕಿ, ಒದ್ದೆ ಮರಳಿನಷ್ಟು ನೀರು ಚಿಮುಕಿಸಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಒಂದು ರಾತ್ರಿ ಮುಚ್ಚಿಡಿ. 75 ತೋರಿಸಬೇಕು. 79 ತೋರಿಸಿದರೆ ನಿಮ್ಮ ಮೀಟರ್ 4 ಜಾಸ್ತಿ ಹೇಳುತ್ತದೆ ಅಂತ ಅದರ ಬೆನ್ನಿಗೆ ಬರೆದು ಅಂಟಿಸಿ.

ಗಂಧಕ ಮತ್ತು ಪೇಂಟು

ಗಂಧಕದ ಹೊಗೆ ಬೂಷ್ಟನ್ನು ತಡೆಯುವುದು ನಿಜ, ಕೆಲವು ಒಣಹಣ್ಣಿಗೆ ಕೊಡುವುದೂ ಉಂಟು. ಆದರೆ ಅದು ಮುರುಗಲಿನ ಕೆಂಪನ್ನು ಬಿಳಿಚಿಸುತ್ತದೆ. ತೇವದ ಜೊತೆ ಸೇರಿ ಆಮ್ಲವಾಗಿ ನಿಮ್ಮ ಜಿಐ ಪೆಟ್ಟಿಗೆಯನ್ನು ತಿನ್ನುತ್ತದೆ. ಅಸ್ತಮಾ ಇರುವ ಕೆಲವರಿಗೆ ಅಂಥ ತಿನಿಸಿನಿಂದ ಉಸಿರಾಟದ ತೊಂದರೆ ಬರುತ್ತದೆ, ಲೇಬಲ್ಲಿನಲ್ಲಿ ಬರೆಯಲೂ ಬೇಕು. ನಿಮಗೆ ಇದರಿಂದ ಮೂರು ನಷ್ಟ, ಒಂದು ಲಾಭ. ಬೇಡ.

ಸಿಲ್ವರ್ ಪೇಂಟು ಗೇಟಿಗೆ, ಕಂಬಕ್ಕೆ. ತಿನ್ನುವ ವಸ್ತು ತಾಗುವಲ್ಲಿ ಯಾವ ಬ್ರಶ್ ಪೇಂಟೂ ಬೇಡ. ಹುಳಿಗೆ ಅದು ಚಕ್ಕೆ ಎದ್ದು ಮಾಲಿಗೆ ಬೀಳುತ್ತದೆ, ಚಕ್ಕೆಯ ಅಡಿಯಲ್ಲಿ ತುಕ್ಕು ಕಾಣದೆ ಬೆಳೆಯುತ್ತದೆ. ಪೆಟ್ಟಿಗೆಯ ಹೊರಮೈಗೆ, ಕಾಲುಗಳಿಗೆ ಮಾತ್ರ ತುಕ್ಕು ಉಜ್ಜಿ ಎಪಾಕ್ಸಿ ಪ್ರೈಮರ್ ಮೇಲೆ ಪೇಂಟ್ ಹೊಡೆಯಬಹುದು.

ದುಡ್ಡು ಕಡಿಮೆ ಇದ್ದಾಗ

ಎಲ್ಲ ಟ್ರೇ ಬದಲಿಸುವುದು ಬೇಕಿಲ್ಲ. ಮಾಲು ತಾಗುವ ಪದರವನ್ನಷ್ಟೇ ಬದಲಿಸಿ. ಆಹಾರ ದರ್ಜೆಯ ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಜಾಲರಿ ತಂದು ಹಳೇ ಟ್ರೇ ಚೌಕಟ್ಟಿನ ಮೇಲೆ ಬಿಗಿದರೆ ಮುರುಗಲಿಗೆ ಅದೇ ನನ್ನ ಮೊದಲ ಆಯ್ಕೆ. 55 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ, ಹುಳಿ ಉಪ್ಪು ಏನೂ ಮಾಡುವುದಿಲ್ಲ. ಕೆಟ್ಟದ್ದೇನು ಅಂದರೆ ಬಿಸಿಲಿಗೆ ಕೆಲವು ವರ್ಷದಲ್ಲಿ ಪೆಡಸಾಗಿ ಒಡೆಯುತ್ತದೆ, ಭಾರಕ್ಕೆ ಜೋಲುತ್ತದೆ. ಒಡೆಯಲು ಶುರುವಾದ ದಿನವೇ ತೆಗೆಯಬೇಕು, ಪ್ಲಾಸ್ಟಿಕ್ ಚೂರು ಮಾಲಿಗೆ ಬೀಳಬಾರದು. ತೋಟಕ್ಕೆ ಕಟ್ಟುವ ಹಸಿರು ನೆಟ್ಟನ್ನು ಮಾತ್ರ ತರಬೇಡಿ, ಅದು ಆಹಾರಕ್ಕೆ ಮಾಡಿದ್ದಲ್ಲ. ಬಿದಿರಿನ ತಟ್ಟಿ ಕೂಡ ಆಗುತ್ತದೆ. ತುಕ್ಕಿನ ಚಿಂತೆಯೇ ಇಲ್ಲ. ಆದರೆ ರಸ ಕುಡಿದು ಅದಕ್ಕೇ ಬೂಷ್ಟು ಬರುತ್ತದೆ, ಪ್ರತಿ ಸಲ ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡುವ ಶಿಸ್ತು ಇದ್ದವರಿಗೆ ಮಾತ್ರ.

ಈಗಿರುವ ಸ್ಟೀಲ್ ಜಾಲರಿಗಳನ್ನು ಬಿಸಾಡಬೇಡಿ. ತೂತು ಬಿದ್ದದ್ದನ್ನು ತೆಗೆಯಿರಿ. ಬರೀ ಕಂದು ಕಲೆ ಇದ್ದದ್ದನ್ನು ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ (ಅಂಗಡಿಯಲ್ಲಿ ನಿಂಬೆ ಉಪ್ಪು ಅನ್ನುತ್ತಾರಲ್ಲ, ಅದು, ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ) ಸ್ವಲ್ಪ ಹೊತ್ತು ನೆನೆಸಿ, ನೈಲಾನ್ ಬ್ರಶ್ಶಿನಿಂದ ತಿಕ್ಕಿ, ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ಅದರಲ್ಲೂ ಕ್ಲೋರಿನ್ನೇ ಇರುವುದು. ಈ ಟ್ರೇಗಳನ್ನು ಸುಕೇಳಿಗೆ, ಹಲಸಿಗೆ ಮೀಸಲಿಡಿ. ಅವುಗಳಲ್ಲಿ ಉಪ್ಪಿಲ್ಲ, ಹುಳಿಯೂ ಕಮ್ಮಿ, ಸ್ಟೀಲು ಹಾಯಾಗಿರುತ್ತದೆ.

ಮುಂದೆ ದುಡ್ಡು ಬಂದಾಗ 316 ಗ್ರೇಡ್ ನೋಡಬಹುದು. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ. ಗುಳಿ ಬೀಳುವುದನ್ನು ತಡೆಯುವುದರಲ್ಲಿ ಒಂದು ಪಾಲು ಮಾಲಿಬ್ಡಿನಂ ಮೂರು ಪಾಲಿಗೂ ಹೆಚ್ಚು ಕ್ರೋಮಿಯಂಗೆ ಸಮ. ಬೆಲೆ ಜಾಸ್ತಿ. ತೊಳೆಯದೆ ಬಿಟ್ಟರೆ 316 ಕೂಡ ಮುರುಗಲು ಉಪ್ಪಿಗೆ ಸೋಲುತ್ತದೆ, ಆದ್ದರಿಂದ ತೊಳೆಯುವ ಅಭ್ಯಾಸ ಮೊದಲು, 316 ಆಮೇಲೆ. ಹಾಕಿಸುವುದಾದರೆ ಸ್ಟೀಲ್ ಹಾಳೆಯನ್ನು ಜಿಐ ಚೌಕಟ್ಟಿಗೆ ನೇರ ರಿವೆಟ್ ಮಾಡಿಸಬೇಡಿ. ಎರಡು ಬೇರೆ ಲೋಹ ಉಪ್ಪುನೀರಿನಲ್ಲಿ ತಾಗಿಕೊಂಡರೆ ಅದೊಂದು ಬ್ಯಾಟರಿ, ಸತು ಬೇಗ ಬೇಗ ಕರಗಿ ಹೋಗುತ್ತದೆ. ನಡುವೆ ಸಿಲಿಕಾನ್ ಪಟ್ಟಿ, ನೈಲಾನ್ ವಾಷರ್ ಇರಲಿ.

ರಸ ಪೆಟ್ಟಿಗೆಯೊಳಗೆ ತೊಟ್ಟಿಕ್ಕುವುದನ್ನೂ ತಪ್ಪಿಸಿ. ಅದ್ದಿದ ಸಿಪ್ಪೆಯನ್ನು ಡ್ರೈಯರಿಗೆ ಹಾಕುವ ಮೊದಲು ಪ್ಲಾಸ್ಟಿಕ್ ಟಬ್ಬಿನ ಮೇಲೆ ಬಿದಿರಿನ ತಟ್ಟಿ ಇಟ್ಟು ಚೆನ್ನಾಗಿ ಬಸಿಯಲು ಬಿಡಿ. ಒಂದು ಬ್ಯಾಚು ತೆಗೆದ ಕೂಡಲೇ ಟ್ರೇ ತೊಳೆಯಿರಿ, ಮರುದಿನಕ್ಕೆ ಇಡಬೇಡಿ. ಸಂಜೆ ಹಸಿ ಮಾಲು ಒಳಗಿದ್ದರೆ ಪೆಟ್ಟಿಗೆ ತಣ್ಣಗಾಗುವ ತನಕ ಮೇಲಿನ ಕಿಂಡಿ ತೆರೆದಿರಲಿ. ಬಹುತೇಕ ಒಣಗಿದ ಮಾಲಾದರೆ ಹೊರತೆಗೆದು, ಆರಿಸಿ, ಡ್ರಮ್ಮಿನಲ್ಲಿ ಗಾಳಿಯಾಡದಂತೆ ಮುಚ್ಚಿಡಿ. ನಾಲ್ಕೈದು ದಿನ ಹಾಗೆ ಇಟ್ಟರೆ ಒಳಗಿನ ಪಸೆ ಎಲ್ಲದಕ್ಕೂ ಸಮ ಹಂಚಿಹೋಗುತ್ತದೆ. ಆಮೇಲೆ ಬಾಟಲಿ ಪರೀಕ್ಷೆ ಮಾಡಿ. 65 ದಾಟಿದ್ದರೆ ಮತ್ತೆ ಅರ್ಧ ದಿನ ಬಿಸಿಲಿಗೆ.

ಮಳೆಗಾಲಕ್ಕೆ ಮುಚ್ಚುವ ದಿನ ಇಡೀ ಪೆಟ್ಟಿಗೆಯನ್ನು ಸಿಹಿನೀರಲ್ಲಿ ತೊಳೆಯಿರಿ, ಮೂಲೆಗೆ, ತಳಕ್ಕೆ, ಬಾಗಿಲ ಸಂದಿಗೆ ಪೈಪ್ ಹಿಡಿಯಿರಿ. ಖಾಲಿ ಪೆಟ್ಟಿಗೆಯನ್ನು ಒಂದು ಪೂರ್ತಿ ದಿನ ಬಿಸಿಲಲ್ಲಿ ಓಡಿಸಿ ಒಣಗಿಸಿ. ಟ್ರೇಗಳನ್ನು ಬಿಚ್ಚಿ ಒಳಗೆ ಅಟ್ಟದಲ್ಲಿ, ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ ಇಡಿ. ಒಲೆಯ ಮೇಲಿನ ಹೊಗೆ ಅಟ್ಟ ಬೇಡ, ಕಟ್ಟಿಗೆ ಹೊಗೆಯಲ್ಲೂ ಆಮ್ಲ ಇರುತ್ತದೆ. ಟಾರ್ಪಾಲನ್ನು ಪೆಟ್ಟಿಗೆಗೆ ಬಿಗಿದು ಸುತ್ತಬೇಡಿ, ಮೇಲೆ ಮಾಡಿನ ಹಾಗೆ ಕಟ್ಟಿ, ಬದಿಯಲ್ಲಿ ಗಾಳಿ ಆಡಲಿ.

ಇನ್ನು ಮುಂದೆ ಟ್ರೇ ಮಾಡಿಸುವಾಗ ಬಿಲ್ಲಿನಲ್ಲಿ 'ಎಸ್‌ಎಸ್' ಅಂತ ಮಾತ್ರ ಬರೆಸಿಕೊಳ್ಳಬೇಡಿ. ಗ್ರೇಡ್ ನಂಬರ್ ಬರೆಯಲಿ. ಆರ್ಗಾನ್ ವೆಲ್ಡಿಂಗ್ ಮಾಡಬೇಕು, ವೆಲ್ಡಿನ ನೀಲಿ ಕಲೆಯನ್ನು ಪಿಕ್ಲಿಂಗ್ ಪೇಸ್ಟ್ ಹಾಕಿ ತೆಗೆದು ಕೊಡಬೇಕು, ಕಬ್ಬಿಣಕ್ಕೆ ಬಳಸಿದ ವೀಲ್ ಮುಟ್ಟಿಸಬಾರದು ಅಂತಲೂ ಬರೆಸಿ. ಆ ಪೇಸ್ಟಿನಲ್ಲಿ ಚರ್ಮಕ್ಕೆ, ಎಲುಬಿಗೆ ಇಳಿಯುವ ಅಪಾಯಕಾರಿ ಆಮ್ಲ ಇರುತ್ತದೆ. ಅದನ್ನು ವರ್ಕ್‌ಶಾಪಿನವರೇ ಮಾಡಬೇಕು, ಉಳಿದದ್ದನ್ನು ಡಬ್ಬಿಯಲ್ಲಿ ಕೊಟ್ಟರೆ ಮನೆಗೆ ತರಬೇಡಿ.